ಅನುನಯ

ಅನುನಯವೆಂಬ ಶಬ್ದವನ್ನು ನಾವು ತುಸು ವಿವೇಚಿಸುವೆವು. ಸಂಸ್ಕೃತದಲ್ಲಿ ‘ನೀ’ ಎಂದರೆ ಕರೆದೊಯ್ಯುವುದು. ‘ಅನು’ ಎಂದರೆ ಅನುಸರಿಸಿ. ಎದುರಿನವರ ಮನಸ್ಸನ್ನು ಅನುಸರಿಸುತ್ತ ಅವರನ್ನು ನಡೆಯಿಸುವುದೇ ಅನುನಯವು. ವಿನಯವೂ ಇದೇ ಧಾತುವಿನಿಂದ ಹುಟ್ಟಿದುದು. ಹುಸಿಯಾಸೆ ತೋರಿ ಒಪ್ಪಿಸುವುದು ಪುಸಲಾಯಿಸುವಿಕೆ. ಗದರಿಸಿ ಒಪ್ಪಿಸುವುದು ಬಲವಂತ.

ಪೀಣ್ಯದ ಉಡುಪು ಕಾರ್ಖಾನೆಯಲ್ಲಿ ದುಡಿಯುವ ತಾಯಿಯೊಬ್ಬರು, ಕೈಗೂಸನ್ನು ನೋಡಿಕೊಳ್ಳಲೆಂದು ಹಿರಿಯ ಮಗಳನ್ನು ಶಾಲೆ ಬಿಡಿಸಲೆಣಿಸಿದರೆನ್ನೋಣ. ಅವರಿಗೆ ವಿದ್ಯೆಯ ಮಹಿಮೆಯನ್ನು ಬೋಧಿಸಿ ಫಲವೇನು? ಮೊದಲು ಕೂಸಿನ ಚಿಂತೆಯನ್ನು ಆಲಿಸಬೇಕು. ಸ್ತ್ರೀಯರು ಹೆಚ್ಚಾಗಿ ದುಡಿಯುವ ಕಾರ್ಖಾನೆಗಳಿಗೆ 1948ರಲ್ಲಿಯೇ ಕಾನೂನು ಶಿಶುಗೃಹವನ್ನು ವಿಧಿಸಿತೆಂದು ತಿಳಿಸಬೇಕು. ಅದನ್ನು ಕೇಳಿ ಪಡೆಯಲು ಜೊತೆಗೆ ಹೋಗಬೇಕು. ಆಗ ‘ಅನು’ ಎಂಬುದು ಸಾರ್ಥಕವಾಗುವುದು.

ಹಳೆಯ ವಿದ್ಯಾರ್ಥಿನಿಯರೇ, ನೆರೆಮನೆಯ ಹುಡುಗಿಯ ಓದು ನಿಲ್ಲುವಂತೆ ತೋರಿದಾಗ ಈ ಶಬ್ದವು ನಿಮಗೆ ನೆನಪಾಗಲಿ.