ಪಾತ್ರೆಯೇ ಒಲೆಯಾದಾಗ

ಸೌದೆ ಒಲೆ, ಸೀಮೆಎಣ್ಣೆ ಸ್ಟೌ, ಗ್ಯಾಸ್ ಒಲೆ ಈ ಮೂರರಲ್ಲೂ ಉರಿ ಪಾತ್ರೆಯ ಹೊರಗೆ ಹುಟ್ಟಿ, ಅದರ ತಳವನ್ನು ಕಾಯಿಸಿ, ಮಿಕ್ಕಿದ್ದು ಪಾತ್ರೆಯ ಅಂಚಿನ ಸುತ್ತ ಹರಿದು ಗಾಳಿಯ ಪಾಲಾಗುತ್ತದೆ. ಸುರುಳಿ ತಂತಿ ಕೆಂಪಗೆ ಕಾಯುವ ಹಳೆಯ ಕರೆಂಟ್ ಒಲೆಯೂ ಈ ಮಟ್ಟಿಗೆ ಅದೇ ಜಾತಿಯದು. ಕಟ್ಟೆಯ ಮೇಲಿಟ್ಟು, ಪ್ಲಗ್ ಸಿಕ್ಕಿಸಿ, ಬೇಕಾದಾಗ ಎತ್ತಿಡಬಹುದಾದ ಇಂಡಕ್ಷನ್ ಒಲೆ ಇವುಗಳಿಂದ ಭಿನ್ನವಾಗುವುದು ಒಂದೇ ಒಂದು ಗುಣದಿಂದ: ಇಲ್ಲಿ ಶಾಖವು ಪಾತ್ರೆಯ ತಳದಲ್ಲಿಯೇ ಹುಟ್ಟುತ್ತದೆ. ಕೆಲವು ಪಾತ್ರೆಗಳು ಅದರ ಮೇಲೆ ಏಕೆ ಕಾಯುವುದಿಲ್ಲ, ಒಗ್ಗರಣೆ ಏಕೆ ಬೇಗ ಸೀಯುತ್ತದೆ, ಗ್ಯಾಸಿಗಿಂತ ಅದು ಯಾವಾಗ ಅಗ್ಗ ಎಂಬ ಪ್ರಶ್ನೆಗಳೆಲ್ಲ ಈ ಗುಣವನ್ನು ಅರಿತರೆ ಬಿಡಿಸಿಕೊಳ್ಳುತ್ತವೆ.

ಇದರ ಹಿಂದಿರುವುದು 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವ, ಅಂದರೆ ಬದಲಾಗುತ್ತಿರುವ ಕಾಂತಕ್ಷೇತ್ರವು ತನ್ನ ವ್ಯಾಪ್ತಿಯಲ್ಲಿರುವ ಲೋಹದಲ್ಲಿ ವಿದ್ಯುತ್ತನ್ನು ಹರಿಸುತ್ತದೆ ಎಂಬುದು. ಒಲೆಯ ಗಾಜಿನ ಹಲಗೆಯ ಅಡಿಯಲ್ಲಿ ತಾಮ್ರದ ತಂತಿಯ ಚಪ್ಪಟೆ ಸುರುಳಿಯೊಂದಿದ್ದು, ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುವ ಮನೆಯ ವಿದ್ಯುತ್ತನ್ನು ಒಳಗಿನ ಎಲೆಕ್ಟ್ರಾನಿಕ್ ಮಂಡಲವು ಸೆಕೆಂಡಿಗೆ 40 ಸಾವಿರಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುವಂತೆ ಮಾರ್ಪಡಿಸಿ ಆ ಸುರುಳಿಗೆ ಕಳಿಸುತ್ತದೆ. ಅದರಿಂದ ಉಂಟಾಗುವ ಕಾಂತಕ್ಷೇತ್ರವು ಗಾಜನ್ನು ಹಾಯ್ದು ಪಾತ್ರೆಯ ತಳವನ್ನು ಸೇರಿ, ಅಲ್ಲಿ ನೀರಿನ ಸುಳಿಗಳಂತೆ ಸುತ್ತುವ ಪ್ರವಾಹಗಳನ್ನು ಹುಟ್ಟಿಸುತ್ತದೆ. ಈ ಸುಳಿಪ್ರವಾಹಗಳಿಗೆ ಲೋಹವು ಒಡ್ಡುವ ತಡೆಯೇ ಶಾಖವಾಗುತ್ತದೆ. ಗಾಜು ಬಿಸಿಯಾಗುವುದು ಮೇಲಿರುವ ಪಾತ್ರೆಯಿಂದ ಇಳಿದು ಬಂದ ಶಾಖದಿಂದ. ಆದುದರಿಂದಲೇ ಪಾತ್ರೆ ತೆಗೆದ ಮೇಲೂ ಅದು ಸ್ವಲ್ಪ ಹೊತ್ತು ಕೈ ಸುಡುತ್ತದೆ.

ಪಾತ್ರೆಯ ಆಯ್ಕೆ ನಿಂತಿರುವುದೂ ಇದರ ಮೇಲೆಯೇ. ಕಬ್ಬಿಣದಂಥ, ಅಯಸ್ಕಾಂತಕ್ಕೆ ಅಂಟುವ ಲೋಹಗಳಲ್ಲಿ ಸುಳಿಪ್ರವಾಹವು ಮೇಲ್ಮೈಯ ಬಹು ತೆಳುವಾದ ಪದರಕ್ಕೆ ಒತ್ತರಿಸಲ್ಪಡುವುದರಿಂದ ತಡೆ ಹೆಚ್ಚಿ ಶಾಖ ಚೆನ್ನಾಗಿ ಹುಟ್ಟುತ್ತದೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಗಳಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ಸಾಮಾನ್ಯ ಒಲೆಗೆ ಅವುಗಳನ್ನು ಕಾಯಿಸಲಾಗದು. ಮಣ್ಣಿನ ಮಡಕೆ ಮತ್ತು ಬಳಪದ ಕಲ್ಲಿನ ಪಾತ್ರೆಗಳಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲ. ಸ್ಟೀಲ್ ಪಾತ್ರೆಗಳಲ್ಲೂ ಎರಡು ಬಗೆ ಇದ್ದು, ನಿಕ್ಕಲ್ ಹೆಚ್ಚಿರುವ ಸ್ಟೀಲಿಗೆ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲವಾದುದರಿಂದ, ತಳಕ್ಕೊಂದು ಅಯಸ್ಕಾಂತದ ಚೂರನ್ನು ಹಿಡಿದು ನೋಡುವುದೇ ನಂಬಬಹುದಾದ ಪರೀಕ್ಷೆ. ಅಲ್ಯೂಮಿನಿಯಂ ಕುಕ್ಕರ್ ಇರುವ ಮನೆಯವರು ಇಂಡಕ್ಷನ್ ತಳದ ಕುಕ್ಕರನ್ನು, ಅಂದರೆ ತಳಕ್ಕೆ ಕಾಂತಗುಣದ ಸ್ಟೀಲಿನ ತಗಡನ್ನು ಬೆಸೆದಿರುವುದನ್ನು ಕೊಳ್ಳಬೇಕಾಗುತ್ತದೆ. ಒಲೆಯ ಬೆಲೆಯೊಂದಿಗೆ ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು. ತಳ ಸಮತಟ್ಟಾಗಿರಬೇಕಾದುದರಿಂದ ಉರುಟು ತಳದ ಬಾಣಲೆ ಇಲ್ಲಿ ಕೂರುವುದಿಲ್ಲ, ಒಗ್ಗರಣೆ ಸೌಟಿನಂಥ ಪುಟ್ಟ ತಳವನ್ನು ಹಲವು ಒಲೆಗಳು ಗುರುತಿಸುವುದೇ ಇಲ್ಲ.

ನೀರು ಕಾಯಿಸುವುದು, ಹಾಲು ಕಾಯಿಸುವುದು, ಕುಕ್ಕರ್ ಕೂಗಿಸುವುದು ಈ ಒಲೆಗೆ ಹೇಳಿ ಮಾಡಿಸಿದ ಕೆಲಸಗಳು. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು 2,000 ವ್ಯಾಟ್‌ನ ಒಲೆಗೆ ಮೂರು ನಿಮಿಷಕ್ಕೆ ತುಸು ಮೇಲೆ ಹಿಡಿಯುತ್ತದೆ, ಖರ್ಚಾಗುವುದು ಯೂನಿಟ್ಟಿನ ಹತ್ತನೇ ಒಂದು ಭಾಗ. ಹಾಲು ಉಕ್ಕಿ ಬಂದಾಗ ಗುಂಡಿ ಒತ್ತಿದ ಕ್ಷಣವೇ ಶಾಖದ ಹುಟ್ಟು ನಿಲ್ಲುವುದರಿಂದ ನೊರೆ ಕೂಡಲೇ ಇಳಿಯುತ್ತದೆ. ಆದರೆ ಈ ಚುರುಕುತನವೇ ಒಗ್ಗರಣೆಯಲ್ಲಿ ತೊಡಕಾಗುತ್ತದೆ: ತೆಳು ತಳದ ಪಾತ್ರೆಯಲ್ಲಿ ಎಣ್ಣೆ ಕೆಲವೇ ಸೆಕೆಂಡುಗಳಲ್ಲಿ ಹೊಗೆಯಾಡಿ, ಸಾಸಿವೆ ಸಿಡಿಯುವಷ್ಟರಲ್ಲಿ ಕರಿಬೇವು, ಇಂಗು ಸೀದು ಹೋಗುತ್ತವೆ, ಕಡಿಮೆ ಶಾಖದಲ್ಲಿ ಆರಂಭಿಸಿ ಸಾಮಗ್ರಿಯನ್ನೆಲ್ಲ ಕೈಗೆಟಕುವಂತೆ ಇಟ್ಟುಕೊಳ್ಳುವುದೇ ಇದಕ್ಕೆ ಪರಿಹಾರ.

ಸಣ್ಣ ಉರಿಯ ಅಡುಗೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅನೇಕ ಒಲೆಗಳು ಕಡಿಮೆ ಶಾಖವನ್ನು ಕೊಡುವುದು ಕೆಲವು ಸೆಕೆಂಡು ಜೋರಾಗಿ ಉರಿದು, ಕೆಲವು ಸೆಕೆಂಡು ಪೂರ್ತಿ ಆರಿ, ಹೀಗೆ ಬಿಟ್ಟು ಬಿಟ್ಟು ನಡೆಯುವ ಮೂಲಕ. ಪಾಯಸ, ಸಕ್ಕರೆ ಪಾಕಗಳು ತಳ ಹಿಡಿಯದಿರಬೇಕಾದರೆ ಈ ಏರಿಳಿತವನ್ನು ತಡೆದುಕೊಳ್ಳುವ ದಪ್ಪ ತಳದ ಪಾತ್ರೆ ಬೇಕು. ದೋಸೆಯ ಕಾವಲಿಯು ಸುರುಳಿಗಿಂತ ಅಗಲವಾಗಿದ್ದರೆ ನಡುಭಾಗ ಕೆಂಪಾಗಿ ಅಂಚು ಬಿಳಿಯಾಗಿ ಉಳಿಯುವುದರಿಂದ, ಕಬ್ಬಿಣದ ಕಾವಲಿಯನ್ನು ಕಡಿಮೆ ಶಾಖದಲ್ಲಿ ಐದಾರು ನಿಮಿಷ ಮೊದಲೇ ಕಾಯಲು ಬಿಡಬೇಕು. ರಾಗಿ ಮುದ್ದೆಯ ಹಿಟ್ಟನ್ನು ಬೇಯಿಸುವವರೆಗೆ ಒಲೆ ಸಾಕಾದರೂ, ಕೋಲಿನಿಂದ ಒತ್ತಿ ತಿರುವುವಾಗ ಪಾತ್ರೆಯನ್ನು ಕೆಳಗಿಳಿಸಿಕೊಳ್ಳದಿದ್ದರೆ ಗಾಜು ಗೀರಬಹುದು, ಸೀಳಲೂಬಹುದು. ಬದನೆಕಾಯಿ ಸುಡುವುದು, ಹಪ್ಪಳ ಸುಡುವುದು, ಚಪಾತಿಯನ್ನು ನೇರ ಉರಿಯಲ್ಲಿ ಉಬ್ಬಿಸುವುದು ಉರಿಯಿಲ್ಲದ ಈ ಒಲೆಯಿಂದ ಆಗದ ಕೆಲಸಗಳು.

ಖರ್ಚಿನ ಲೆಕ್ಕವನ್ನು ತುಸು ಬಿಡಿಸಿ ನೋಡಬೇಕು. 14.2 ಕಿಲೋ ಅನಿಲದ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಅಡಗಿದೆ; ಗ್ಯಾಸ್ ಒಲೆಯಲ್ಲಿ ಅದರ ಶೇ. 60ರಿಂದ 65ರಷ್ಟು ಪಾತ್ರೆಗೆ ಸೇರುತ್ತದೆ ಎಂದೂ, ಇಂಡಕ್ಷನ್ ಒಲೆಯಲ್ಲಿ ವಿದ್ಯುತ್ತಿನ ಶೇ. 85ರಷ್ಟು ಸೇರುತ್ತದೆ ಎಂದೂ ಹಿಡಿದರೆ, ಒಂದು ಸಿಲಿಂಡರಿನ ಅಡುಗೆಗೆ 130ರಿಂದ 140 ಯೂನಿಟ್ ಬೇಕಾಗುತ್ತದೆ. ಯೂನಿಟ್ಟಿನ ದರವನ್ನು ಇದರಿಂದ ಗುಣಿಸಿ ಸಿಲಿಂಡರಿನ ಬೆಲೆಯೊಡನೆ ಹೋಲಿಸಿದರೆ ಯಾವುದು ಅಗ್ಗವೆಂಬುದು ಪ್ರತಿ ಮನೆಗೂ ತಿಳಿಯುತ್ತದೆ. ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ಮತ್ತೊಂದು ಅಂಶ ಸೇರಿಕೊಳ್ಳುತ್ತದೆ: 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಮಿತಿಯನ್ನು ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಗೊತ್ತುಪಡಿಸಲಾಗಿದ್ದು, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ತಿಂಗಳಿಗೆ 90 ಯೂನಿಟ್ ಬಳಸುತ್ತಿದ್ದ ಮನೆಯೊಂದು ಒಂದು ಸಿಲಿಂಡರಿನಷ್ಟು ಅಡುಗೆಯನ್ನು ಪೂರ್ತಿಯಾಗಿ ಇಂಡಕ್ಷನ್ನಿಗೆ ಹೊರಳಿಸಿದರೆ ಆ ಗೆರೆಯನ್ನು ದಾಟುವುದು ಖಚಿತ. ಅಡುಗೆಯ ಖರ್ಚು ಉಳಿಸಹೊರಟು ಇಡೀ ಮನೆಯ ಬಿಲ್ಲನ್ನು ಬರಮಾಡಿಕೊಂಡಂತಾಗುತ್ತದೆ.

ಸುರಕ್ಷತೆಯ ನಿಯಮಗಳು ಕೆಲವೇ ಆದರೂ ಕಡ್ಡಾಯ. 2,000 ವ್ಯಾಟ್‌ನ ಒಲೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುವುದರಿಂದ ಅದನ್ನು 16 ಆಂಪಿಯರ್‌ನ ಪವರ್ ಪಾಯಿಂಟಿಗೇ ಸಿಕ್ಕಿಸಬೇಕು. ದೀಪ, ಫ್ಯಾನುಗಳಿಗೆಂದು ಇರುವ ಸಣ್ಣ ಸಾಕೆಟ್ಟಿಗೆ ಅಥವಾ ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದರೆ ವೈರು ಕಾದು ಬೆಂಕಿಗೆ ದಾರಿಯಾಗಬಹುದು. ಒಳಗಿನ ಫ್ಯಾನ್ ಗಾಳಿ ಎಳೆಯುವ ಕಿಂಡಿಗಳಿಗೆ ಬಟ್ಟೆ, ಕಾಗದ ಅಡ್ಡವಾಗದಂತೆ ನೋಡಿಕೊಂಡು, ಅಡುಗೆ ಮುಗಿದ ಮೇಲೆ ಆ ಫ್ಯಾನ್ ತಾನಾಗಿ ನಿಲ್ಲುವವರೆಗೆ ಗೋಡೆಯ ಸ್ವಿಚ್ಚನ್ನು ಆರಿಸದಿರಬೇಕು. ಗಾಜು ಬಿರುಕು ಬಿಟ್ಟರೆ ಒಲೆಯನ್ನು ಆ ಕ್ಷಣವೇ ಬಳಕೆಯಿಂದ ತೆಗೆಯಬೇಕು. ಎದೆಯಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು ಉರಿಯುತ್ತಿರುವ ಒಲೆಯಿಂದ ಸುಮಾರು 60 ಸೆಂಟಿಮೀಟರ್ ದೂರವಿರಬೇಕೆಂಬುದು ಹೃದ್ರೋಗ ಸಂಸ್ಥೆಗಳ ಸಲಹೆ.

ಕರೆಂಟ್ ಹೋದಾಗ ಕೈಕಟ್ಟಿ ಕೂರುವ, ದೀಪ ಮತ್ತು ಫ್ಯಾನುಗಳಿಗೆಂದು ಮನೆಯಲ್ಲಿ ಇರಿಸಿಕೊಂಡ ಯುಪಿಎಸ್‌ನಿಂದ ನಡೆಯಲಾರದ, ಸುಡುವ ಕೆಲಸಕ್ಕೆ ಒದಗದ ಈ ಒಲೆ ಗ್ಯಾಸ್ ಒಲೆಯನ್ನು ಮನೆಯಿಂದ ಹೊರಹಾಕುವಂಥದ್ದಲ್ಲ. ಬಿಸಿನೀರು, ಹಾಲು, ಅನ್ನ, ಬೇಳೆಗಳನ್ನು ಅದಕ್ಕೆ ವಹಿಸಿ, ಒಗ್ಗರಣೆ, ಸುಡುವ ಕೆಲಸಗಳನ್ನು ಉರಿಗೆ ಬಿಟ್ಟುಕೊಟ್ಟ ಮನೆಗಳಿಗೆ ಎರಡರ ಲಾಭವೂ ದಕ್ಕುತ್ತದೆ. ಕೊಳ್ಳಲು ಹೊರಡುವವರು ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿಯೇ ಮೂರು ಸಂಗತಿಗಳನ್ನು ನೋಡಿಕೊಂಡರೆ ಸಾಕು: ಅಯಸ್ಕಾಂತಕ್ಕೆ ಅಂಟುವ ಪಾತ್ರೆಗಳು ಎಷ್ಟಿವೆ, ಅಡುಗೆಮನೆಯಲ್ಲಿ 16 ಆಂಪಿಯರ್ ಪಾಯಿಂಟ್ ಇದೆಯೇ, ಕಳೆದ ತಿಂಗಳ ವಿದ್ಯುತ್ ಬಿಲ್ಲಿನಲ್ಲಿ ಎಷ್ಟು ಯೂನಿಟ್ ಇತ್ತು.