ಪ್ರಬಂಧವನ್ನು ತೂಗುವ ತಕ್ಕಡಿ

ಬಸವಕಲ್ಯಾಣದ ಅಡತಿ ಅಂಗಡಿಯಲ್ಲಿ ಒಂದು ಚೀಲ ತೊಗರಿಯನ್ನು ತೂಗಿಸಿ, ಅದೇ ಚೀಲವನ್ನು ಹುಮನಾಬಾದಿಗೆ ಒಯ್ದು ಮತ್ತೊಮ್ಮೆ ತೂಗಿಸಿದರೆ ಎರಡು ಕಡೆಯೂ ತೂಕವು ಒಂದೇ ಬರಬೇಕು. ಬಾರದಿದ್ದರೆ ರೈತನು ಸುಮ್ಮನಿರುವುದಿಲ್ಲ. ತಕ್ಕಡಿಯನ್ನೂ ತೂಕದ ಕಲ್ಲುಗಳನ್ನೂ ಪರಿಶೀಲಿಸಿ ಮುದ್ರೆಯೊತ್ತುವುದಕ್ಕಾಗಿಯೇ ಸರಕಾರದ ಇಲಾಖೆಯೊಂದು ಇದೆ. ಈ ಎರಡು ಊರುಗಳ ಹೈಸ್ಕೂಲುಗಳಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿಗಳು ವರ್ಷವರ್ಷವೂ ಬರೆಯುವ ಪ್ರಬಂಧವೂ ತೂಕಕ್ಕೆ ಹೋಗುವ ವಸ್ತುವೇ. ಅದನ್ನು ಇಂದು ಒಬ್ಬರು, ನಾಳೆ ಮತ್ತೊಬ್ಬರು ತೂಗಿದರೆ ಒಂದೇ ಅಂಕ ಬಂದೀತೆ? ಈ ಪ್ರಶ್ನೆಯನ್ನು ವಿಜ್ಞಾನದ ದೃಷ್ಟಿಯಿಂದ ಕೇಳಿದವರು ನೂರು ವರ್ಷಗಳಿಗೂ ಹಿಂದೆಯೇ ಇದ್ದರು. ಅವರಿಗೆ ದೊರೆತ ಉತ್ತರವು ಅಷ್ಟೇನೂ ಸಮಾಧಾನಕರವಾದುದಲ್ಲ.

1912ರಲ್ಲಿ ಅಮೆರಿಕೆಯ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಹೈಸ್ಕೂಲು ವಿದ್ಯಾರ್ಥಿಯೊಬ್ಬನ ಇಂಗ್ಲಿಷ್ ಉತ್ತರಪತ್ರಿಕೆಯ ಯಥಾಪ್ರತಿಗಳನ್ನು ಹಲವು ಶಾಲೆಗಳಿಗೆ ಕಳುಹಿಸಿ, ನೂರಕ್ಕೆ ಎಷ್ಟು ಅಂಕ ಕೊಡುವಿರೆಂದು ಶಿಕ್ಷಕರನ್ನು ಕೇಳಿದರು. 142 ಮಂದಿ ಶಿಕ್ಷಕರಿಂದ ಉತ್ತರ ಬಂದಿತು. ಒಂದೇ ಬರಹಕ್ಕೆ ಒಬ್ಬರು 64 ಅಂಕ ಕೊಟ್ಟಿದ್ದರು, ಇನ್ನೊಬ್ಬರು 98! ಸಾಹಿತ್ಯದ ವಿಷಯದಲ್ಲಿ ಅಭಿರುಚಿಯ ಭೇದ ಸಹಜವೆಂದು ಕೆಲವರು ಸಮರ್ಥಿಸಿದರು. ಮರುವರ್ಷವೇ ಸಂಶೋಧಕರು ರೇಖಾಗಣಿತದ ಉತ್ತರಪತ್ರಿಕೆಯನ್ನು ಹಾಗೆಯೇ ಕಳುಹಿಸಿದರು. ಅಲ್ಲಿ ಅಂಕಗಳು 28ರಿಂದ 95ರವರೆಗೆ ಹರಡಿದುವು. ಗಣಿತದಲ್ಲಿ ಅಭಿರುಚಿಯ ಮಾತೆಲ್ಲಿಂದ ಬಂತು? ತಪ್ಪಿದ ಲೆಕ್ಕದ ಸರಿಯಾದ ಹೆಜ್ಜೆಗಳಿಗೆ ಎಷ್ಟು ಕೊಡಬೇಕು, ಚಿತ್ರ ಸೊಟ್ಟಗಿದ್ದರೆ ಎಷ್ಟು ಕಳೆಯಬೇಕು ಎಂಬುದನ್ನು ಯಾರೂ ಮೊದಲೇ ನಿಶ್ಚಯಿಸಿರಲಿಲ್ಲ. ದೋಷವಿದ್ದುದು ಅಲ್ಲಿ.

ಇದಕ್ಕಿಂತಲೂ ಕಠೋರವಾದುದು ಇಂಗ್ಲೆಂಡಿನಲ್ಲಿ ಹಾರ್ಟಾಗ್ ಮತ್ತು ರೋಡ್ಸ್ ಎಂಬುವರು 1935ರಲ್ಲಿ ಪ್ರಕಟಿಸಿದ ಪ್ರಯೋಗ. 15 ಇತಿಹಾಸದ ಉತ್ತರಪತ್ರಿಕೆಗಳನ್ನು ಅನುಭವಿ ಪರೀಕ್ಷಕರಿಂದ ಬೆಲೆ ಕಟ್ಟಿಸಿದರು. ಒಂದು ವರ್ಷಕ್ಕೂ ಮೀರಿದ ಅವಧಿಯ ಅನಂತರ, ಅವರಲ್ಲಿ 14 ಮಂದಿಗೆ ಅವೇ ಪತ್ರಿಕೆಗಳನ್ನು ಪುನಃ ಕೊಟ್ಟರು. 14 ಮಂದಿ, 15 ಪತ್ರಿಕೆ. ಒಟ್ಟು 210 ತೀರ್ಪುಗಳು. ಇವುಗಳಲ್ಲಿ 92 ತೀರ್ಪುಗಳು ಮೊದಲಿನಂತಿರಲಿಲ್ಲ. ಮೊದಲು ತೇರ್ಗಡೆ ಮಾಡಿದವನನ್ನು ಅದೇ ಪರೀಕ್ಷಕನು ಅನುತ್ತೀರ್ಣನೆಂದನು, ಅನುತ್ತೀರ್ಣನನ್ನು ತೇರ್ಗಡೆ ಮಾಡಿದನು. ಎರಡು ತಕ್ಕಡಿಗಳು ಹೊಂದದಿದ್ದರೆ ಒಂದನ್ನಾದರೂ ನಂಬಬಹುದು. ಒಂದೇ ತಕ್ಕಡಿಯು ತನ್ನೊಡನೆಯೇ ಹೊಂದದಿದ್ದರೆ ಏನು ಮಾಡುವುದು?

ಪರೀಕ್ಷಕರು ಅಪ್ರಾಮಾಣಿಕರೆಂದು ಇದರ ಅರ್ಥವಲ್ಲ. ನಾವು ಹೇಳುವುದು ಮನುಷ್ಯನ ಮನಸ್ಸಿನ ಸ್ವಭಾವವನ್ನು ಕುರಿತು. ಬಹಳ ಉತ್ತಮವಾದ ಪ್ರಬಂಧವೊಂದನ್ನು ಓದಿದ ಕೂಡಲೇ ಸಾಧಾರಣವಾದುದು ಕೈಗೆ ಬಂದರೆ, ಅದು ಇರುವುದಕ್ಕಿಂತ ಕಳಪೆಯಾಗಿ ತೋರುತ್ತದೆ. ಬಿಸಿನೀರಿನಿಂದ ತೆಗೆದ ಕೈಗೆ ಉಗುರುಬೆಚ್ಚನೆಯ ನೀರು ತಣ್ಣಗೆ ತೋರುವಂತೆಯೇ ಇದು. ಅಂದವಾದ ಕೈಬರಹ ಅಂಕವನ್ನು ಹೆಚ್ಚಿಸುತ್ತದೆ. ಒಂದೇ ಪ್ರಬಂಧವನ್ನು ಒಳ್ಳೆಯ ಅಕ್ಷರದಲ್ಲಿಯೂ ಕೆಟ್ಟ ಅಕ್ಷರದಲ್ಲಿಯೂ ಬರೆಸಿ ನೋಡಿದ ಪ್ರಯೋಗಗಳಲ್ಲಿ ಇದು ಮತ್ತೆ ಮತ್ತೆ ಕಂಡುಬಂದಿದೆ. ಮೊದಲ ಉತ್ತರ ಚೆನ್ನಾಗಿದ್ದರೆ ಅದರ ಬೆಳಕು ಮುಂದಿನ ಉತ್ತರಗಳ ಮೇಲೂ ಬೀಳುತ್ತದೆ. ಇದಕ್ಕೆ 1920ರಲ್ಲಿ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞನು 'ಪ್ರಭಾವಲಯ'ವೆಂಬ ಅರ್ಥದ ಹೆಸರನ್ನು ಕೊಟ್ಟನು.

ಈ ದೌರ್ಬಲ್ಯಗಳಲ್ಲಿ ಕೆಲವನ್ನು ಪ್ರಾಚೀನರೂ ಬಲ್ಲವರಾಗಿದ್ದರು. ಕಲ್ಯಾಣವು ಚಾಲುಕ್ಯರ ರಾಜಧಾನಿಯಾದ ಹನ್ನೊಂದನೆಯ ಶತಮಾನದಲ್ಲಿಯೇ ಚೀನಾದ ಸೋಂಗ್ ಅರಸರು ಅಧಿಕಾರಿಗಳನ್ನು ಲಿಖಿತ ಪರೀಕ್ಷೆಯಿಂದ ಆರಿಸುತ್ತಿದ್ದರು. ಅಲ್ಲಿ ಅಭ್ಯರ್ಥಿಯ ಹೆಸರಿನ ಮೇಲೆ ಕಾಗದ ಅಂಟಿಸುತ್ತಿದ್ದರು. ಅಷ್ಟೇ ಸಾಲದೆಂದು, ಬರಹವನ್ನು ಗುಮಾಸ್ತರಿಂದ ಪ್ರತಿ ಮಾಡಿಸಿ, ಆ ಪ್ರತಿಯನ್ನು ಮಾತ್ರ ಪರೀಕ್ಷಕರಿಗೆ ಕೊಡುತ್ತಿದ್ದರು. ಹೆಸರೂ ತಿಳಿಯದು, ಅಕ್ಷರವೂ ತಿಳಿಯದು! ನಮ್ಮ ವಿದ್ಯಾರ್ಥಿಗಳು ಇಂದು ಉತ್ತರಪತ್ರಿಕೆಯ ಒಳಗೆಲ್ಲೂ ಹೆಸರು ಬರೆಯಬಾರದೆಂಬ ನಿಯಮ ಆ ಹಳೆಯ ಉಪಾಯದ ಮೊಮ್ಮಗು.

ನಮ್ಮ ಎರಡು ಊರುಗಳಿಗೆ ಬರೋಣ. 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯು ಹೈದರಾಬಾದು ರಾಜ್ಯಕ್ಕೆ ಸೇರಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆ ಉರ್ದುವಿನಲ್ಲಿತ್ತು. ನಿಜಾಮರ ಕಾಲದಲ್ಲಿ ಇಲ್ಲಿಯ ಕನ್ನಡ ಮನೆಗಳ ಮಕ್ಕಳು ಹೈಸ್ಕೂಲು ಮುಟ್ಟಿದರೆ ಉರ್ದುವಿನಲ್ಲಿಯೇ ಓದಬೇಕಾಗಿತ್ತು. ಏಕೀಕರಣದ ಅನಂತರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. 1966ರಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಏರ್ಪಟ್ಟಿತು. 2022ರಲ್ಲಿ ಅದು ಪದವಿಪೂರ್ವ ಪರೀಕ್ಷೆಗಳ ಹೊಣೆಯನ್ನೂ ಒಳಗೊಂಡು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಾಯಿತು. ಇಂದು ಈ ಗಡಿನಾಡಿನಲ್ಲಿ ಕನ್ನಡ, ಉರ್ದು, ಮರಾಠಿ ಶಾಲೆಗಳು ಅಕ್ಕಪಕ್ಕದಲ್ಲಿವೆ.

ಪರೀಕ್ಷಾಕೊಠಡಿಯ ನಿಯಮಗಳನ್ನು ವಿದ್ಯಾರ್ಥಿಗಳು ಬಲ್ಲರು: ಮುದ್ರೆಯೊತ್ತಿದ ಲಕೋಟೆ, ಎಲ್ಲೆಡೆಯೂ ಒಂದೇ ವೇಳೆ, ಪ್ರಶ್ನೆಗಳನ್ನು ಓದಿಕೊಳ್ಳಲು 15 ನಿಮಿಷ. ಇವು ಶಿಸ್ತಿನ ನಿಯಮಗಳೆಂದು ತೋರಿದರೂ ಪ್ರಯೋಗಶಾಲೆಯ ನಿಯಮಗಳೇ ಹೌದು. ಅಳೆಯಬೇಕಾದ ಗುಣವೊಂದನ್ನು ಬಿಟ್ಟು ಉಳಿದ ಸಂದರ್ಭಗಳೆಲ್ಲ ಸಮಾನವಾಗಿರಬೇಕು. ಈ ದೃಷ್ಟಿಯಿಂದ ಗಾಳಿ ಮತ್ತು ನೆರಳುಗಳೂ ನಿಯಮದಲ್ಲಿ ಸೇರಬೇಕೆಂದು ನಮ್ಮ ಅಭಿಪ್ರಾಯ. ನ್ಯೂಯಾರ್ಕಿನ ಹೈಸ್ಕೂಲು ಪರೀಕ್ಷೆಗಳ ಲಕ್ಷಾಂತರ ಫಲಿತಾಂಶಗಳನ್ನು ಶೋಧಿಸಿದಾಗ, ಬಿಸಿಲೇರಿದ ದಿನಗಳಲ್ಲಿ ಅಂಕಗಳು ಇಳಿದುದು ಕಂಡುಬಂದಿತು. ಮಾರ್ಚಿ ಕಳೆಯುವ ಹೊತ್ತಿನಲ್ಲಿ ಹುಮನಾಬಾದಿನ ತಗಡಿನ ಸೂರಿನಡಿ ಕುಳಿತವನಿಗೂ ಮಡಿಕೇರಿಯ ತಂಪಿನಲ್ಲಿ ಕುಳಿತವನಿಗೂ ಪ್ರಶ್ನೆಪತ್ರಿಕೆ ಒಂದೇ, ಪರೀಕ್ಷೆ ಒಂದೇ ಅಲ್ಲ.

ನಿಯಮ ಬದಲಾದರೆ ಅಳತೆಯೂ ಬದಲಾಗುತ್ತದೆಂಬುದಕ್ಕೆ 2024ನೆಯ ವರ್ಷ ಸಾಕ್ಷಿ. ಆ ವರ್ಷ ಎಸ್.ಎಸ್.ಎಲ್.ಸಿ. ಕೊಠಡಿಗಳ ಮೇಲೆ ಕ್ಯಾಮೆರಾಗಳ ಮೂಲಕ ದೂರದಿಂದಲೇ ಕಣ್ಣಿಡುವ ವ್ಯವಸ್ಥೆ ಬಂದಿತು. 2023ರಲ್ಲಿ ಶೇಕಡ 83.89ರಷ್ಟಿದ್ದ ತೇರ್ಗಡೆಯ ಪ್ರಮಾಣವು, ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆಯೂ, ಮೊದಲ ಪರೀಕ್ಷೆಯಲ್ಲಿ ಶೇಕಡ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಾಡಿನ ಮಕ್ಕಳ ಬುದ್ಧಿ ಕುಗ್ಗಿತೆಂದು ಯಾರೂ ಹೇಳಲಾರರು.

ಅಂಕ ಕೊಡುವ ಕೆಲಸದಲ್ಲಿ ಎರಡು ಬಗೆಯ ದೋಷಗಳಿವೆ; ಇವುಗಳ ಭೇದವನ್ನು ತಿಳಿದರೆ ಉಳಿದುದೆಲ್ಲ ಸುಲಭ. ಮೊದಲನೆಯದು ಯಾದೃಚ್ಛಿಕ ದೋಷ. ಒಬ್ಬರು ಸ್ವಲ್ಪ ಹೆಚ್ಚು ಕೊಡುವರು, ಒಬ್ಬರು ಸ್ವಲ್ಪ ಕಡಮೆ. ನೂರಕ್ಕೆ ಅಳೆಯುವಾಗ ಒಬ್ಬ ಪರೀಕ್ಷಕನ ಅಂಕವು ನಿಜವಾದ ಬೆಲೆಯಿಂದ ಸಾಧಾರಣವಾಗಿ 6ರಷ್ಟು ಆಚೀಚೆ ಸರಿಯುವುದೆಂದು ಎಣಿಸೋಣ. ಇಬ್ಬರು ಬೇರೆ ಬೇರೆಯಾಗಿ ಬೆಲೆ ಕಟ್ಟಿ ಸರಾಸರಿ ತೆಗೆದರೆ ಈ ದೋಷವು 6ನ್ನು 2ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ ಸುಮಾರು 4.2ಕ್ಕೆ ಇಳಿಯುತ್ತದೆ. ನಾಲ್ವರಾದರೆ 3. ಆದರೆ ಎರಡನೆಯ ಪರೀಕ್ಷಕನಿಗೆ ಮೊದಲನೆಯವನ ಅಂಕ ಕಾಣಬಾರದು. ಕಂಡರೆ ಅವನ ಕೈ ಅರಿಯದೆಯೇ ಅತ್ತ ವಾಲುವುದು, ಲೆಕ್ಕ ಕೆಡುವುದು. ತೇರ್ಗಡೆಯ ಗೆರೆಯಿಂದ ದೂರವಿದ್ದವನಿಗೆ ಈ ಅಂತರಗಳು ಲೆಕ್ಕಕ್ಕಿಲ್ಲ. ಆ ಗೆರೆಯ ಮೇಲೆಯೇ ನಿಂತವನಿಗೆ ಮುಂದಿನ ತರಗತಿಗೆ ಹೋಗುವುದೂ ಹೊಲಕ್ಕೆ ಮರಳುವುದೂ ಅದರಲ್ಲಿಯೇ ಅಡಗಿದೆ.

ಎರಡನೆಯದು ಪಕ್ಷಪಾತದ ದೋಷ. ಎಲ್ಲ ಪರೀಕ್ಷಕರೂ ಒಂದೇ ಕಡೆಗೆ ವಾಲಿದ್ದರೆ ನಾಲ್ವರಲ್ಲ, ನಾನೂರು ಮಂದಿಯ ಸರಾಸರಿಯಿಂದಲೂ ಅದು ಹೋಗದು. ಬೀದರ ಜಿಲ್ಲೆಯ ಮಕ್ಕಳಿಗೆ ತಾಗುವುದು ಇದು. ಗ್ರಂಥಸ್ಥ ಭಾಷೆಯಲ್ಲಿ 'ಬರುತ್ತಿದ್ದಾನೆ' ಎಂಬುದಕ್ಕೆ ಈ ಕಡೆಯ ಮನೆಗಳಲ್ಲಿ 'ಬರ್ಲತ್ತಾನ' ಎನ್ನುವರು. ಮನೆಯಲ್ಲಿ ಉರ್ದು ಅಥವಾ ಮರಾಠಿ ಆಡುವ ಹುಡುಗಿಯು ಕನ್ನಡದಲ್ಲಿ ಪ್ರಬಂಧ ಬರೆದಾಗ ವಾಕ್ಯದ ಜಾಡು ಬೇರೆಯಾದೀತು, ಶಕಾರ ಸಕಾರಗಳು ಸ್ಥಾನ ಬದಲಿಸಿಯಾವು. ಅವಳ ವಿಚಾರ ಸ್ಪಷ್ಟವಾಗಿದೆ, ಉದಾಹರಣೆ ಸ್ವಂತದ್ದು, ಕ್ರಮವೂ ಚೆನ್ನಾಗಿದೆ. ಈ ನಾಡಿನ ಮಾತನ್ನು ಎಂದೂ ಕೇಳದ ಪರೀಕ್ಷಕರು ಮೊದಲ ಸಾಲಿನ ರೂಪವನ್ನು ಕಂಡೇ ಬರಹವನ್ನೆಲ್ಲ ಕೀಳೆಂದು ಎಣಿಸಿದರೆ ಅವರು ತೂಗಿದುದು ಏನನ್ನು? ಶಿಷ್ಟರೂಪವನ್ನು ಕಲಿಯಬೇಕಾದುದು ನಿಶ್ಚಯ. ಅದಕ್ಕೆ ಅಂಕವಿರುವುದೂ ನ್ಯಾಯವೇ. ಅದರ ಬೆಲೆಯನ್ನು ವಿಚಾರದ ಬೆಲೆಯಿಂದ ಬೇರೆಯಾಗಿಟ್ಟು ಮೊದಲೇ ಬರೆದಿಡಬೇಕು, ಒಂದೇ ತಪ್ಪಿಗೆ ಐದು ಕಡೆ ಅಂಕ ಕಳೆಯಬಾರದು ಎಂಬುದಷ್ಟೇ ನಮ್ಮ ವಾದ.

ಅಂಕಹಂಚಿಕೆಯ ಪಟ್ಟಿ ಹುಟ್ಟಿದುದು ಇದಕ್ಕಾಗಿಯೇ. 5 ಅಂಕದ ಪ್ರಬಂಧವೆಂದಾದರೆ ಪೀಠಿಕೆಗೆ ಇಷ್ಟು, ವಿಷಯ ನಿರೂಪಣೆಗೆ ಇಷ್ಟು, ಭಾಷೆಗೆ ಇಷ್ಟು ಎಂದು ವಿಂಗಡಿಸುವರು. ಪಟ್ಟಿ ಮಾತ್ರ ಸಾಲದು. ಕೆಲಸ ಆರಂಭಿಸುವ ಮುನ್ನ ಪರೀಕ್ಷಕರೆಲ್ಲರೂ ಒಟ್ಟಿಗೆ ಕುಳಿತು ಕೆಲವು ಮಾದರಿ ಉತ್ತರಗಳಿಗೆ ಬೆಲೆ ಕಟ್ಟಿ, ಅಂಕಗಳು ಏಕೆ ಭಿನ್ನವಾದುವೆಂದು ಚರ್ಚಿಸಬೇಕು. ತಕ್ಕಡಿಗೆ ಮುದ್ರೆಯೊತ್ತುವುದೆಂದರೆ ಇದು. 1961ರಲ್ಲಿ ಅಮೆರಿಕೆಯಲ್ಲಿ 300 ಪ್ರಬಂಧಗಳನ್ನು 53 ಮಂದಿ ವಿವಿಧ ವೃತ್ತಿಗಳ ಓದುಗರಿಗೆ, ಯಾವ ಪಟ್ಟಿಯನ್ನೂ ಕೊಡದೆ, ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಿರೆಂದು ಕೊಟ್ಟರು. ಐದಕ್ಕಿಂತ ಕಡಮೆ ದರ್ಜೆಗಳನ್ನು ಪಡೆದ ಪ್ರಬಂಧ ಒಂದೂ ಇರಲಿಲ್ಲ. 101 ಪ್ರಬಂಧಗಳಿಗೆ ಒಂಬತ್ತು ದರ್ಜೆಗಳೂ ದೊರೆತಿದ್ದುವು. ಕೆಲವರು ವಿಚಾರವನ್ನು, ಕೆಲವರು ಕಾಗುಣಿತವನ್ನು, ಕೆಲವರು ಶೈಲಿಯನ್ನು ಮನಸ್ಸಿನಲ್ಲಿಟ್ಟು ಅಳೆದಿದ್ದರು. ಪಟ್ಟಿಗೆ ತನ್ನದೇ ಆದ ಕುಂದೂ ಉಂಟು. ಗಟ್ಟಿಮಾಡಿದ ಪೀಠಿಕೆ, ಗಟ್ಟಿಮಾಡಿದ ಉಪಸಂಹಾರ ಬರೆದವನಿಗೆ ಅದು ಸುಲಭವಾಗಿ ಒಲಿಯುತ್ತದೆ. ಪ್ರಶ್ನೆಯು ವಿದ್ಯಾರ್ಥಿಯ ಸ್ವಂತ ಊರಿನ ಕೆರೆಯನ್ನೋ ಸಂತೆಯನ್ನೋ ಕುರಿತಾಗಿದ್ದರೆ ಗೈಡುಗಳ ಆಟ ಅಷ್ಟಾಗಿ ನಡೆಯದು.

ಅಂಕದಲ್ಲಿ ಸಂಶಯವಿದ್ದವರಿಗೆ ಉತ್ತರಪತ್ರಿಕೆಯ ನಕಲನ್ನು ಪಡೆಯುವ, ಮರುಮೌಲ್ಯಮಾಪನ ಕೇಳುವ ದಾರಿ ಇದೆ. ಮಾಹಿತಿ ಹಕ್ಕಿನ ಕಾಯಿದೆಯಡಿ ಅಭ್ಯರ್ಥಿಯು ತನ್ನ ಮೌಲ್ಯಮಾಪಿತ ಉತ್ತರಪತ್ರಿಕೆಯನ್ನು ನೋಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2011ರ ಆಗಸ್ಟ್ 9ರಂದು ತೀರ್ಪಿತ್ತಿದೆ. ತಕ್ಕಡಿಯ ಮುಳ್ಳನ್ನು ನೋಡುವ ಹಕ್ಕು ರೈತನಿಗೆ ಮೊದಲಿನಿಂದಲೂ ಇತ್ತು, ವಿದ್ಯಾರ್ಥಿಗೆ ಈಗ ಬಂದಿದೆ.

ಈ ಸಂಗತಿಗಳನ್ನು ನಮ್ಮ ಓದುಗರು ತಮ್ಮ ತರಗತಿಯಲ್ಲಿಯೇ ಪರೀಕ್ಷಿಸಬಹುದು. ಕಾಗದ, ಪೆನ್ಸಿಲು ಸಾಕು. ಒಂದು ಪ್ರಬಂಧವನ್ನು ಆರಿಸಿ ಅದರ ಹತ್ತು ನಕಲುಗಳನ್ನು ಹತ್ತು ಮಂದಿಗೆ ಹಂಚಿರಿ. ಒಬ್ಬರೊಡನೊಬ್ಬರು ಮಾತನಾಡದೆ ಇಪ್ಪತ್ತಕ್ಕೆ ಅಂಕ ಕೊಡಲಿ. ಅತಿ ಹೆಚ್ಚಿನ, ಅತಿ ಕಡಮೆಯ ಅಂಕಗಳ ಅಂತರವನ್ನು ಬರೆದಿಡಿರಿ. ಆಮೇಲೆ ಎಲ್ಲರೂ ಕೂಡಿ ಅಂಕಹಂಚಿಕೆಯ ಪಟ್ಟಿಯೊಂದನ್ನು ರಚಿಸಿ, ಸುಮಾರು ಅದೇ ಮಟ್ಟದ ಬೇರೊಂದು ಪ್ರಬಂಧಕ್ಕೆ ಅಂಕ ಕೊಟ್ಟು ಅಂತರವನ್ನು ಮತ್ತೆ ಅಳೆಯಿರಿ. ಎರಡನೆಯ ಸಲವೂ ಹಳೆಯ ಪ್ರಬಂಧವನ್ನೇ ಬಳಸಬಾರದು. ಮೊದಲು ಕೊಟ್ಟ ಅಂಕ ನೆನಪಿನಲ್ಲಿದ್ದು ಪ್ರಯೋಗವನ್ನು ಕೆಡಿಸುತ್ತದೆ.