ಪುಸ್ತಕ ಮುಚ್ಚಿ, ಸ್ವರ ಹಾಕಿ

ಮೈಸೂರಿನ ಶಿವರಾಂಪೇಟೆಯ ಒಂದು ಹಳೆಯ ಮನೆ. ಶನಿವಾರ ಬೆಳಗಿನ ಎಂಟು ಗಂಟೆ. ನಡುಮನೆಯ ಜಮಖಾನದ ಮೇಲೆ ಹತ್ತು ಹನ್ನೆರಡು ಮಕ್ಕಳು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಮೂಲೆಯಲ್ಲಿ ಶ್ರುತಿಪೆಟ್ಟಿಗೆ ಗುಂಯ್‌ಗುಡುತ್ತಿದೆ. ಬೀದಿಯಲ್ಲಿ ಸೊಪ್ಪಿನವಳ ಕೂಗು, ಅದು ಮಾತ್ರ ಯಾವ ಶ್ರುತಿಗೂ ಸೇರದು.

ಮೋಹನದ ‘ವರವೀಣಾ’ ಗೀತೆ ಮುಗಿಯುತ್ತಲೇ ಟೀಚರ್ ಹೇಳಿದರು: “ಪುಸ್ತಕ ಮುಚ್ಚಿ. ಈಗ ಒಬ್ಬೊಬ್ಬರೂ ಆದಿತಾಳಕ್ಕೆ ಒಂದಾವರ್ತ ಸ್ವರ ಹಾಕಬೇಕು. ನಿಮ್ಮದೇ ಆಗಿರಬೇಕು.”

ಗಲಾಟೆ ಗಪ್ಪನೆ ನಿಂತಿತು. ಇಷ್ಟು ದಿನ ‘ಹೇಳಿಕೊಟ್ಟ ಹಾಗೇ ಹಾಡು’ ಅಂದವರು ಈಗ ಹೀಗಂದರೆ? ಕೊನೆಗೆ ಎರಡು ಜಡೆಯ ಹುಡುಗಿಯೊಬ್ಬಳು ತೊಡೆ ತಟ್ಟಿ ಶುರುಮಾಡಿದಳು: ಸಾ ರಿ ಗ ಪಾ ಗ ರಿ. ಎಂಟಕ್ಷರ, ಸರಿಯಾಗಿ ಸಮಕ್ಕೆ ಬಂದು ಕೂತಿತು. ಅವಳ ಮುಖ ಅರಳಿತು. ಪಕ್ಕದ ಹುಡುಗ ಹುರುಪಿನಿಂದ ಸ ರಿ ಗ ಎಂದವನು ಮ ಎಂದೇಬಿಟ್ಟ. ಉಳಿದವರು ಕಿಸಕ್ಕನೆ ನಕ್ಕರು. ಮೋಹನದಲ್ಲಿ ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ.

ಟೀಚರ್ ನಗಲಿಲ್ಲ, ಗದರಲೂ ಇಲ್ಲ. ಅವನು ಹಾಡಿದ್ದನ್ನೇ ತಾವು ಹಾಡಿ, ಆಮೇಲೆ ಮಧ್ಯಮ ಬಿಟ್ಟು ಹಾಡಿ, “ಎರಡೂ ಹೇಗೆ ಕೇಳ್ತು, ಹೇಳು?” ಎಂದರು. “ಮೊದಲಿನದು ಬೇರೆ ಯಾವುದೋ ರಾಗ, ಟೀಚರ್” ಎಂದ ಹುಡುಗ. ಅವನ ತಪ್ಪೇನಿಲ್ಲ. 15ನೇ ಮೇಳವಾದ ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ ಎಂದು ತಿಂಗಳುಗಟ್ಟಲೆ ತಿದ್ದಿದ ನಾಲಿಗೆ ಅದು. ಗಾಂಧಾರದ ಬೆನ್ನಿಗೆ ಮಧ್ಯಮ ತಾನಾಗಿ ಬಂದುಬಿಡುತ್ತದೆ. ಕಿವಿ ತಡೆಯಬೇಕು, ಆ ಕಿವಿ ತಯಾರಾಗುವುದು ಇಂಥ ಎಡವಟ್ಟಿನಲ್ಲೇ.

ಸರಳೆ, ಜಂಟಿ, ಅಲಂಕಾರ, ಗೀತೆಗಳ ಈ ಪಾಠಕ್ರಮವನ್ನು ಪುರಂದರದಾಸರು ಹಾಕಿಕೊಟ್ಟರೆಂಬುದು ಪರಂಪರೆಯ ಮಾತು. ಅಡಿಪಾಯ ಗಟ್ಟಿಯೇ. ಆದರೆ ಕಛೇರಿಯಲ್ಲಿ ವಿದ್ವಾಂಸರನ್ನು ನಾವು ಅಳೆಯುವುದು ಆಲಾಪನೆ, ನೆರವಲ್, ಕಲ್ಪನಾಸ್ವರಗಳಲ್ಲಿ, ಅಂದರೆ ಮನೋಧರ್ಮದಲ್ಲಿ. ಅದರ ಪಾಠ ಮಾತ್ರ ವರ್ಣ, ಕೃತಿಗಳ ರಾಶಿ ಮುಗಿದ ಮೇಲೆ. ಅಷ್ಟರಲ್ಲಿ ಎಷ್ಟೋ ಮಕ್ಕಳು ಎಸ್ಸೆಸ್ಸೆಲ್ಸಿ ನೆಪದಲ್ಲಿ ಸಂಗೀತ ಬಿಟ್ಟಿರುತ್ತಾರೆ. ತಂಬೂರಿ ಅಟ್ಟ ಸೇರುತ್ತದೆ.

ಶಿಸ್ತು ಕಲ್ಪನೆಯನ್ನು ಕೊಲ್ಲುತ್ತದೆಂಬ ವಾದವೂ ನನಗೆ ಒಪ್ಪಿಗೆಯಿಲ್ಲ. ಇದೇ ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಗುರುಕುಲದಲ್ಲಿ ಪಳಗಿದ ಟಿ. ಚೌಡಯ್ಯನವರೇ ಪಿಟೀಲಿಗೆ ಏಳು ತಂತಿ ಕಟ್ಟಿ, ದೊಡ್ಡ ಸಭೆಗೂ ಕೇಳುವ ನಾದ ತೆಗೆದವರು. ಮೋಹನಕ್ಕೆ ಐದೇ ಸ್ವರ, ತಾಳಕ್ಕೆ ಎಂಟೇ ಅಕ್ಷರ ಎಂಬ ಬೇಲಿ ಇದ್ದದ್ದರಿಂದಲೇ ಆ ಹುಡುಗಿಗೆ ಹಾಡಲು ಧೈರ್ಯ ಬಂತು. ‘ಏನು ಬೇಕಾದರೂ ಹಾಡು’ ಎಂದಿದ್ದರೆ ಬಾಯಿ ಬಿಡುತ್ತಿರಲಿಲ್ಲ.

ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ. ಕ್ಲಾಸಿನಿಂದ ಬಂದ ಮಗುವನ್ನು ‘ಎಷ್ಟು ಕೃತಿ ಆಯ್ತು? ಜೂನಿಯರ್ ಪರೀಕ್ಷೆ ಯಾವಾಗ?’ ಎಂದು ಪೀಡಿಸಬೇಡಿ. ಒಂದಾವರ್ತ ಸ್ವಂತ ಸ್ವರ ಹಾಡಿಸಿ ಕೇಳಿ. ತಾಳ ತಪ್ಪಿದರೆ ಇನ್ನೊಮ್ಮೆ ಹಾಡಿಸಿ.